ಅಪ್ಪನ ಬೆನ್ನು, ಮೇಷ್ಟ್ರ ಕಡ್ಡಿ

ನಾನು ಓದು ನಿಲ್ಲಿಸಿದ್ದು ೧೯೯೯ರಲ್ಲಿ, ಒಂಬತ್ತನೇ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದು ಬಿಟ್ಟವನು ಎಂದ ಕೂಡಲೇ ಜನ ‘ಅಯ್ಯೋ ಪಾಪ’ ಅನ್ನುತ್ತಾರೆ. ಆ ಪಾಪ ನನಗೆ ಬೇಡ. ಬೆಳಗ್ಗೆ ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ಮನೆಯ ರೇಷ್ಮೆಹುಳುವಿಗೆ ಹಾಕಿ, ಕೈತೊಳೆದು ಶಾಲೆಗೆ ಓಡುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ತಡವಾಗಿ ಬಂದವರು ಕೊಠಡಿಯ ಹೊರಗೆ ನಿಲ್ಲಬೇಕೆಂಬುದು ನಿಯಮ. ನಿಂತೆ. ಮೂರು ತಿಂಗಳು ನಿಂತೆ. ಒಂದು ದಿನ ಹಾಗೆ ನಿಂತಿದ್ದಾಗ ಅನ್ನಿಸಿತು, ಹೇಗೂ ನಿಲ್ಲುವುದೇ ಆದರೆ ತೋಟದಲ್ಲೇ ನಿಲ್ಲಬಹುದಲ್ಲ, ಅಲ್ಲಿ ನಿಂತರೆ ಒಂದು ಕುಕ್ಕೆ ಸೊಪ್ಪಾದರೂ ತುಂಬುತ್ತದೆ. ಚೀಲ ಹೆಗಲಿಗೇರಿಸಿಕೊಂಡು ನಡೆದುಬಿಟ್ಟೆ. ಹಿಂದಿನಿಂದ ಯಾರೂ ಕರೆಯಲಿಲ್ಲ. ಕರೆದಿದ್ದರೂ ತಿರುಗುತ್ತಿರಲಿಲ್ಲ ಎಂದೇ ಇವತ್ತಿಗೂ ಹೇಳುತ್ತೇನೆ, ಅದು ಎಷ್ಟು ನಿಜವೋ ನನಗೆ ಗೊತ್ತಿಲ್ಲ.

ನಮ್ಮೂರು ಅಗರ, ಯಳಂದೂರು ತಾಲ್ಲೂಕು. ಮನೆ ನಾಡಹೆಂಚಿನದು: ಮುಂದೆ ಜಗುಲಿ, ಒಳಗೆ ಒಂದು ಉದ್ದನೆಯ ನಡುಮನೆ, ಅದರ ಪಕ್ಕ ಒಂದೇ ಒಂದು ಒಳ್ಳೆಯ ಕೋಣೆ, ಹಿತ್ತಿಲಿನಲ್ಲಿ ಗರಿ ಹೊದಿಸಿದ ಒಂದು ಇಳಿಚಪ್ಪರ. ಒಳ್ಳೆಯ ಕೋಣೆ ಎಂದರೆ ಎರಡು ಕಿಟಕಿ ಇದ್ದದ್ದು, ಗೋಡೆಗೆ ಸುಣ್ಣ ಬಳಿದದ್ದು, ಇರುವೆ ಬಾರದ್ದು. ಅದು ಹುಳುವಿನದು. ಮನುಷ್ಯರು ನಾಲ್ಕು ಜನ, ಅಪ್ಪ, ಅವ್ವ, ನಾನು, ನನಗಿಂತ ಎರಡು ವರ್ಷ ಚಿಕ್ಕವಳಾದ ತಂಗಿ ಮಂಗಳ, ಉಳಿದ ಜಾಗದಲ್ಲಿ ಹೊಂದಿಕೊಳ್ಳುತ್ತಿದ್ದೆವು. ಮೊಟ್ಟೆ ತಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ, ಹೆಚ್ಚುಕಡಿಮೆ ಒಂದು ತಿಂಗಳು, ಆ ಮನೆ ನಮ್ಮದಲ್ಲ. ಬಿದಿರಿನ ತಟ್ಟೆಗಳು ಆ ಕೋಣೆಯಲ್ಲಿ ಒಂದರ ಮೇಲೊಂದು ಅಟ್ಟಣಿಗೆಯಲ್ಲಿ ಕೂರುತ್ತಿದ್ದವು. ಹುಳು ದೊಡ್ಡದಾದಂತೆ ತಟ್ಟೆಗಳು ಹೆಚ್ಚಿ ನಡುಮನೆಗೂ ಬರುತ್ತಿದ್ದವು. ನಾವು ಚಾಪೆ ಸುತ್ತಿಕೊಂಡು ಜಗುಲಿಗೆ ಬರುತ್ತಿದ್ದೆವು. ಕಡೆಯ ವಾರ ಅವು ಸೊಪ್ಪು ತಿನ್ನುವ ಸದ್ದು ಜಗುಲಿಗೂ ಕೇಳುತ್ತಿತ್ತು, ಒಣಗಿದ ತರಗಿನ ಮೇಲೆ ಯಾರೋ ನಿಲ್ಲಿಸದೆ ನಡೆದಾಡಿದ ಹಾಗೆ. ಆ ಸದ್ದು ಇದ್ದರೆ ಎಲ್ಲ ಸರಿ ಇದೆ ಎಂದು ಅರ್ಥ. ಇಲ್ಲದಿದ್ದರೆ ಅಪ್ಪ ಊಟದ ನಡುವೆಯೂ ಎದ್ದು ಹೋಗುತ್ತಿದ್ದ.

ಹುಳು ಇರುವ ಮನೆಯ ನೇಮಗಳು ದೇವಸ್ಥಾನಕ್ಕಿಂತ ಹೆಚ್ಚು. ಹೊಸ್ತಿಲ ಹೊರಗೆ ಸುಣ್ಣದ ಪುಡಿ ಹರಡಿರುತ್ತಿತ್ತು, ಅದನ್ನು ತುಳಿದೇ ಒಳಗೆ ಬರಬೇಕು. ಬೀಡಿ, ಹೊಗೆಸೊಪ್ಪು ಮುಟ್ಟಿದ ಕೈ ಒಳಗೆ ಬರಕೂಡದು; ಅಪ್ಪ ಆ ಒಂದು ತಿಂಗಳು ಬೀಡಿ ಬಿಡುತ್ತಿದ್ದ, ಬಿಟ್ಟ ಸಿಟ್ಟನ್ನೆಲ್ಲ ನಮ್ಮ ಮೇಲೆ ತೀರಿಸುತ್ತಿದ್ದ. ಊದುಬತ್ತಿ ಇಲ್ಲ, ಸೊಳ್ಳೆಬತ್ತಿ ಇಲ್ಲ, ಅವ್ವನ ತಲೆಗೆ ಹೂವಿಲ್ಲ. ಒಗ್ಗರಣೆ ಇಲ್ಲ. ಒಗ್ಗರಣೆಯ ಘಾಟು ಹುಳುವಿಗೆ ಆಗುವುದಿಲ್ಲ ಎಂದು ಅವ್ವ ಅಡುಗೆಯನ್ನೇ ಹಿತ್ತಿಲ ಚಪ್ಪರಕ್ಕೆ ಒಯ್ದು, ತಿಂಗಳಿಡೀ ಉಪ್ಸಾರು ಮಾಡುತ್ತಿದ್ದಳು. ಬೆಂದ ಸೊಪ್ಪು, ಬೇಳೆಕಟ್ಟು, ಉಪ್ಪು, ಪಕ್ಕದಲ್ಲಿ ಅರೆದ ಕಾರ, ಬಿಸಿ ರಾಗಿಮುದ್ದೆ. ಇವತ್ತು ಉಪ್ಸಾರಿಗೆ ಹೋಟೆಲಿನಲ್ಲಿ ಜನ ಸಾಲು ನಿಲ್ಲುತ್ತಾರೆ ಎಂದು ಕೇಳಿದಾಗ ನನಗೆ ನಗು ಬರುತ್ತದೆ. ಗೂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೋದ ದಿನ ಅವ್ವ ಒಳಗಿನ ಒಲೆ ಹಚ್ಚಿ ಬಾಣಲೆಗೆ ಸಾಸಿವೆ ಹಾಕುತ್ತಿದ್ದಳು. ಆ ಸಾಸಿವೆ ಸಿಡಿಯುವುದನ್ನು ಕೇಳಲು ನಾನೂ ಮಂಗಳನೂ ಒಲೆಯ ಮುಂದೆ ಕೂತಿರುತ್ತಿದ್ದೆವು. ನಮ್ಮ ಹಬ್ಬ ಅದೇ.

ಎಲ್ಲಕ್ಕಿಂತ ವಿಚಿತ್ರವಾದ ನೇಮ ಅಪ್ಪನದು. ಹುಳುವಿನ ಕೋಣೆಯ ಬಾಗಿಲ ಪಕ್ಕ ಗೋಡೆಯಲ್ಲಿ ಒಂದು ಉದ್ದನೆಯ ಮೊಳೆ ಇತ್ತು. ಒಳಗೆ ಹೋಗುವ ಮುನ್ನ ಅಪ್ಪ ಅಂಗಿ ಬಿಚ್ಚಿ ಅದಕ್ಕೆ ನೇತುಹಾಕಿ, ಬರಿಮೈಯಲ್ಲಿ ಒಳಗೆ ಹೋಗಿ, ಕೋಣೆಯ ಮಧ್ಯೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಹತ್ತು ಉಸಿರಿನಷ್ಟು ಹೊತ್ತು. ಆಮೇಲೆ ಒಂದೇ ಮಾತು: ‘ಹದ’, ಇಲ್ಲ ‘ಸೆಕೆ’, ಇಲ್ಲ ‘ತಂಡಿ’. ಸೆಕೆ ಎಂದರೆ ಕಿಟಕಿ ತೆಗೆದು ಒದ್ದೆ ಗೋಣಿತಾಟು ಕಟ್ಟಬೇಕು. ತಂಡಿ ಎಂದರೆ ಕಬ್ಬಿಣದ ಬಾಂಡ್ಲಿಯಲ್ಲಿ ಕೆಂಡ ತುಂಬಿ ಮೂಲೆಗೆ ಇಡಬೇಕು. ಬೆಳಗ್ಗೆ, ಮಧ್ಯಾಹ್ನ, ಸಂಜೆ, ದಿನಕ್ಕೆ ಮೂರು ಸಲ ಆ ಬೆನ್ನು ತೀರ್ಪು ಹೇಳುತ್ತಿತ್ತು. ಊರಿನಲ್ಲಿ ಬೇರೆಯವರ ಹುಳು ಹೋದಾಗಲೂ ನಮ್ಮದು ಉಳಿಯುತ್ತಿತ್ತು. ಬೇರೆಯವರು ಕರೆದು ಕೇಳಿದರೆ ಅಪ್ಪ ಅವರ ಮನೆಗೂ ಹೋಗಿ ಅಂಗಿ ಬಿಚ್ಚಿ ನಿಂತು ಬರುತ್ತಿದ್ದ. ನಾನು ಹುಟ್ಟಿದಾಗಿನಿಂದ ನೋಡಿದ್ದು ಇದು. ಸೂರ್ಯ ಯಾಕೆ ಹುಟ್ಟುತ್ತಾನೆಂದು ಯಾರು ಕೇಳುತ್ತಾರೆ, ಹಾಗೆ ಇದನ್ನೂ ನಾನು ಕೇಳಿರಲಿಲ್ಲ.

ಕೇಳಿದವರು ನಾಗೇಂದ್ರ ಮೇಷ್ಟ್ರು. ಅವರು ಮೇಷ್ಟ್ರೇನಲ್ಲ. ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದ ಭೌತಶಾಸ್ತ್ರದ ವಿದ್ಯಾರ್ಥಿ, ಹನೂರು ಕಡೆಯ ಬಂಡಳ್ಳಿಯವರು, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ವಾರವೆಲ್ಲ ಕಾಲೇಜು, ಶನಿವಾರ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದು ಅಲ್ಲಿ ಎರಡು ಮನೆಯಲ್ಲಿ ಪಾಠ ಹೇಳಿ, ಸಂಜೆ ನಮ್ಮೂರಿಗೆ ಬಂದು ಮಂಗಳನಿಗೆ ಗಣಿತ ವಿಜ್ಞಾನ ಹೇಳಿಕೊಟ್ಟು, ನಮ್ಮ ಜಗುಲಿಯಲ್ಲೇ ಮಲಗಿ, ಭಾನುವಾರ ಬೆಳಗ್ಗೆ ಇನ್ನೊಂದು ಪಾಠ ಮಾಡಿ, ಬಂಡಳ್ಳಿಗೆ ತಮ್ಮ ಅವ್ವನನ್ನು ನೋಡಲು ಹೋಗುತ್ತಿದ್ದರು. ಮಂಗಳ ಎಸ್.ಎಸ್.ಎಲ್.ಸಿ.ಗೆ ಬಂದಿದ್ದಳು, ಗಣಿತದಲ್ಲಿ ಮೂರು ಪರೀಕ್ಷೆ ಸಾಲಾಗಿ ಹೋಗಿತ್ತು. ಅಪ್ಪ ಒಂದೇ ಮಾತು ಹೇಳಿದ್ದ, ಈ ಸಲ ಪಾಸಾದರೆ ಮುಂದಕ್ಕೆ ಓದು, ಇಲ್ಲದಿದ್ದರೆ ಅಣ್ಣನ ಜೊತೆ ಸೊಪ್ಪಿನ ಕುಕ್ಕೆ. ಅವಳಿಗೆ ಕುಕ್ಕೆ ಬೇಡವಾಗಿತ್ತು. ಪಾಠಕ್ಕೆ ಪ್ರತಿಯಾಗಿ ಮೇಷ್ಟ್ರಿಗೆ ನಮ್ಮ ಮನೆಯಿಂದ ರಾಗಿಹಿಟ್ಟು, ಹುರುಳಿಕಾಳು, ಕಾಲಕ್ಕೆ ತಕ್ಕಂತೆ ಅವರೆಕಾಯಿ. ಅವರು ಮೈಸೂರಿನಲ್ಲಿ ಕೋಣೆ ಮಾಡಿಕೊಂಡು ತಾವೇ ಬೇಯಿಸಿಕೊಳ್ಳುತ್ತಿದ್ದರು.

ಮೊದಲ ದಿನ ಅವರು ನೀಟಾಗಿ ತಲೆ ಬಾಚಿ, ಮುಖಕ್ಕೆ ಪೌಡರು ಹಾಕಿಕೊಂಡು ಬಂದಿದ್ದರು. ಅವ್ವ ಬಾಗಿಲಲ್ಲೇ ಅಡ್ಡ ನಿಂತಳು.

“ಸಾ, ತಪ್ಪು ತಿಳ್ಕಬ್ಯಾಡಿ. ಪೌಡ್ರು ಆಕಂಡಿದ್ದೀರಾ?”

“ಹೂಂ ಕಣವ್ವ. ಯಾಕ?”

“ಹುಳಕ್ಕ ಆಗಲ್ಲ ಸಾ. ಮಂಗಳಾ, ಮೇಷ್ಟ್ರಿಗ ಒಂದು ಚೆಂಬು ನೀರು ಕೊಡು, ಮಕ ತೊಳ್ಕಳ್ಳಲಿ.”

ಅವರು ನಗುತ್ತ ಮುಖ ತೊಳೆದುಕೊಂಡರು. ತೊಳೆಯುತ್ತಲೇ ಕೇಳಿದರು, ಹುಳುವಿಗೆ ಮೂಗು ಎಲ್ಲಿರುತ್ತದೆ ಎಂದು. ಅವ್ವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ, ಅದನ್ನು ಅವರು ಹೇಳಿಯೂಬಿಟ್ಟರು. ಇಷ್ಟು ಓದಿದವನು ‘ನಂಗೊತ್ತಿಲ್ಲ’ ಎಂದದ್ದನ್ನು ನಾನು ಹುಟ್ಟಿದಮೇಲೆ ಮೊದಲ ಸಲ ಕೇಳಿದ್ದು.

ಪಾಠ ಜಗುಲಿಯಲ್ಲಿ. ನಾನು ಸೊಪ್ಪಿನ ಕುಕ್ಕೆ ಹೊತ್ತು ಅವರ ಮುಂದೆಯೇ ಹಾದುಹೋಗಬೇಕು. ನಿಲ್ಲುತ್ತಿರಲಿಲ್ಲ. ನಿಂತರೆ ಓದಿನ ಆಸೆ ಇನ್ನೂ ಇದೆ ಎಂದು ತಿಳಿಯುತ್ತಾರಲ್ಲ. ಆದರೆ ಕುಕ್ಕೆಯನ್ನು ಇಳಿಸಿ ಎತ್ತುವ ಕೆಲಸ ಆ ಹೊತ್ತಿಗೇ ಜಾಸ್ತಿಯಾಗುತ್ತಿತ್ತು. ಮೂರನೇ ಶನಿವಾರವೋ ನಾಲ್ಕನೆಯದೋ, ಅವರು ಮಂಗಳನಿಗೆ ಲೆಕ್ಕ ಕೊಟ್ಟು ನನ್ನನ್ನು ಕರೆದರು.

“ಸಿದ್ದರಾಜು, ಬಾ ಇಲ್ಲಿ. ನಿಮ್ಮಪ್ಪಾರು ಒಳಕ್ಕೋಗಾಗ ಅಂಗಿ ಯಾಕ ಬಿಚ್ಚಾರು?”

“ಅದು ಅಂಗೇ ಸಾ.”

“ಅಂಗೇ ಅಂದ್ರ?”

“ಅಂಗೇ ಅಂದ್ರ ಅಂಗೇ.”

ಅವರು ಬಿಡಲಿಲ್ಲ, ಕೇಳಿಕೊಂಡು ಬಾ ಎಂದರು. ಅಪ್ಪ ತೋಟದಲ್ಲಿ ಕಾಲುವೆಗೆ ಮಣ್ಣು ಕೊಡುತ್ತಿದ್ದ. ಕೇಳಿದೆ. ಅವನು ಸಲಿಕೆ ನಿಲ್ಲಿಸಿ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ.

“ಹುಳ ಏನ್ ಅಂಗಿ ಆಕಂಡದಾ? ಅದಕ್ಕ ಎಷ್ಟು ಸೆಕೆ ಆಯ್ತದ ಅಂತ ನಂಗ ಗೊತ್ತಾಗಬೇಕು ಅಂದ್ರ ನಾನೂ ಅದರಂಗೇ ನಿಲ್ಲಬೇಕು. ಓಗು, ಸೊಪ್ಪು ಬಾಡ್ತಾದ.”

ಬಂದು ಹೇಳಿದೆ. ಮೇಷ್ಟ್ರು ಎದ್ದೇ ನಿಂತರು. ಮಂಗಳನ ಲೆಕ್ಕ ಅಲ್ಲೇ ಉಳಿಯಿತು. ಮುಂದಿನ ಶನಿವಾರ ಬರುವಾಗ ಅಂಗಿಯ ಜೇಬಿನಲ್ಲಿ ಕರ್ಚೀಫು ಸುತ್ತಿದ ಒಂದು ಗಾಜಿನ ಕಡ್ಡಿ ತಂದರು, ಥರ್ಮಾಮೀಟರು. ಮೇಲ್ತುದಿಯ ಬಳೆ ಮುರಿದದ್ದು, ಕಾಲೇಜಿನಲ್ಲಿ ಇನ್ನು ಬೇಡವೆಂದು ಕೊಟ್ಟದ್ದು. ಅದರ ಕುತ್ತಿಗೆಗೆ ನೂಲು ಕಟ್ಟಿ ನನ್ನ ಕೈಗೆ ಕೊಟ್ಟರು. ಮಂಗಳನ ಹಳೆಯ ನೋಟ್‌ಬುಕ್ಕಿನ ಹಿಂಬದಿಯ ಹಾಳೆಗಳನ್ನು ತೋರಿಸಿದರು.

“ನಿಮ್ಮಪ್ಪ ಒಳಕ್ಕೋಗಕ್ಕ ಮುಂಚೆ ನೀನು ಕಡ್ಡಿ ನೋಡಿ ನಂಬರು ಬರ್ಕೋ. ಆಮೇಲ ಅವರು ಏನಂತಾರೋ ಅದನ್ನ ಬರ್ಕೋ, ಅವರ ಮಾತಲ್ಲೇ. ನಂಬರು ನೋಡಿ ಮಾತು ತಿದ್ದಬ್ಯಾಡ, ಮಾತು ಕೇಳಿ ನಂಬರು ತಿದ್ದಬ್ಯಾಡ. ಗೊತ್ತಾಯ್ತಾ?”

“ಯಾತಕ್ಕ ಸಾ?”

“ನಂಗೊತ್ತಿಲ್ಲ ಕಣಪ್ಪ. ಅದಕ್ಕೇಯ.”

ಮೂರು ವರ್ಷ ಪೆನ್ಸಿಲು ಹಿಡಿಯದ ಕೈ. ಮೊದಲ ವಾರದ ಅಂಕಿಗಳನ್ನು ಈಗ ನೋಡಿದರೆ ಕೋಳಿ ಕೆರೆದ ಹಾಗಿವೆ. ಆದರೆ ಬರೆದೆ, ಒಂದು ಸಲವೂ ತಪ್ಪಿಸಲಿಲ್ಲ. ಕುಕ್ಕೆ ಇಳಿಸಿ, ಸುಣ್ಣ ತುಳಿದು, ಕೈತೊಳೆದು ಒಳಗೆ ಹೋಗಿ, ಪಾದರಸದ ದಾರ ಎಲ್ಲಿ ನಿಂತಿದೆಯೆಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಆಮೇಲೆ ಅಪ್ಪ ಬಂದು ಅಂಗಿ ಬಿಚ್ಚುವುದನ್ನೇ ಕಾಯುತ್ತಿದ್ದೆ. ಯಾರು ಗೆಲ್ಲಬೇಕೆಂದು ಬಯಸುತ್ತಿದ್ದೆನೋ ನನಗೇ ತಿಳಿಯದು. ದಸರೆಯ ಬೆಳೆ ಮುಗಿಯುವ ಹೊತ್ತಿಗೆ ಎಪ್ಪತ್ತಕ್ಕೂ ಹೆಚ್ಚು ಸಾಲುಗಳಾಗಿದ್ದವು. ಮೇಷ್ಟ್ರು ಅವನ್ನು ಒಂದು ಹಾಳೆಯಲ್ಲಿ ಮೂರು ಗುಂಪು ಮಾಡಿ ಬರೆದರು. ಅಪ್ಪ ಹದ ಎಂದಾಗೆಲ್ಲ ಕಡ್ಡಿ ಇಪ್ಪತ್ತನಾಲ್ಕು, ಇಪ್ಪತ್ತೈದು, ಇಪ್ಪತ್ತಾರು. ಸೆಕೆ ಎಂದಾಗ ಇಪ್ಪತ್ತೇಳರಿಂದ ಮೇಲೆ. ತಂಡಿ ಎಂದಾಗ ಇಪ್ಪತ್ತಮೂರರಿಂದ ಕೆಳಗೆ. ಒಂದು ಸಾಲೂ ಅಡ್ಡ ಹೋಗಿರಲಿಲ್ಲ. ಒಂದೇ ಒಂದೂ ಇಲ್ಲ. ಮೇಷ್ಟ್ರು ಸಾಲುಗಳನ್ನು ಮೊದಲಿನಿಂದ ಇನ್ನೊಂದು ಸಲ ಎಣಿಸಿದರು. ನನಗೆ ನೆಲದ ಮೇಲೆ ಕಾಲಿರಲಿಲ್ಲ. ನನ್ನ ಅಪ್ಪನ ಬೆನ್ನು ಕಾಲೇಜಿನ ಕಡ್ಡಿಗೆ ಸರಿಸಮ. ಅಪ್ಪನಿಗೆ ಹೇಳಿದೆವು. ಅವನು ಹೆಮ್ಮೆಪಡಲಿಲ್ಲ, ಬೇಸರ ಮಾಡಿಕೊಂಡ.

“ನನ್ನ ಬೆನ್ನಿಗ ಪರೀಕ್ಷೆ ಮಡಗಿದ್ರಾ ಇಷ್ಟು ದಿವ್ಸ? ಮಗ್ಳಿಗ ಮಡಗಿ ಸಾ ಪರೀಕ್ಷೆಯ, ಅವಳು ಪೈಲಾಗಿರದು.”

ಸಂಕ್ರಾಂತಿಯ ಹೊತ್ತಿನ ಬೆಳೆ. ಚಳಿ ಇದ್ದರೂ ಹುಳು ಚೆನ್ನಾಗಿ ಬಂದಿತ್ತು. ನಾಲ್ಕನೇ ಸಲ ಪೊರೆ ಬಿಟ್ಟು ಎದ್ದು, ಕಡೆಯ ವಾರದ ಮೇವಿಗೆ ಬಾಯಿ ಹಾಕಿದ್ದವು. ಆ ವಾರ ಹುಳುವಿಗೆ ಚಳಿಗಿಂತ ಸೆಕೆಯೇ ಯಮ. ಹೆಚ್ಚು ಬಿಸಿಯಾದರೆ ಸೊಪ್ಪು ಬಿಟ್ಟು ತಲೆ ಮೇಲೆತ್ತುತ್ತವೆ, ಮೈ ಮೆತ್ತಗಾಗುತ್ತದೆ, ಎರಡು ದಿನದಲ್ಲಿ ತಟ್ಟೆಗಟ್ಟಲೆ ಕೊಳೆತು ನಾರುತ್ತವೆ. ಇದನ್ನು ನನಗೆ ಕಲಿಸಿದವನು ಅಪ್ಪನೇ. ಆ ಶುಕ್ರವಾರ ಅವನು ತಣ್ಣೀರಲ್ಲಿ ಮೊಳಕಾಲವರೆಗೆ ನಿಂತು ತೋಟಕ್ಕೆ ನೀರು ಕಟ್ಟಿದ್ದ. ಶನಿವಾರ ಬೆಳಗಿನಿಂದ ಕಣ್ಣು ಕೆಂಪಾಗಿದ್ದವು. ಅವ್ವ ಮೆಣಸಿನ ಕಷಾಯ ಕೊಟ್ಟಳು, ಮಲಗು ಎಂದಳು. ಅವನು ಹೂಂ ಎನ್ನಲಿಲ್ಲ. ಸಂಜೆ ಮೇಷ್ಟ್ರು ಬಂದು ಪಾಠ ಶುರುಮಾಡಿದ್ದರು. ನಾನು ಒಳಗೆ ಹೋಗಿ ಕಡ್ಡಿ ನೋಡಿ ಬರೆದೆ, ಇಪ್ಪತ್ತೇಳು. ಮಧ್ಯಾಹ್ನ ಮೂರಕ್ಕೇ ಅವನು ತಂಡಿ ಎಂದು ಕಿಟಕಿ ಮುಚ್ಚಿಸಿ ಒಂದು ಬಾಂಡ್ಲಿ ಕೆಂಡ ಇಡಿಸಿದ್ದ, ಆಗ ಕಡ್ಡಿ ಇಪ್ಪತ್ತೈದಿತ್ತು. ಪುಸ್ತಕದಲ್ಲಿ ಅಡ್ಡ ಹೋದ ಮೊದಲ ಸಾಲು ಅದೇ, ನಾನೇ ತಪ್ಪು ಓದಿರಬೇಕೆಂದುಕೊಂಡಿದ್ದೆ. ಈಗ ಅಪ್ಪ ಬಂದ. ಅಂಗಿ ಬಿಚ್ಚಿ ಮೊಳೆಗೆ ಹಾಕಿದ. ಕೋಣೆಯ ಮಧ್ಯೆ ನಿಂತು ಕಣ್ಣು ಮುಚ್ಚಿದ. ಅವನ ಹಿಂದೆಯೇ ನಿಂತಿದ್ದ ನಾನು ಆ ಬೆನ್ನನ್ನು ನೋಡಿದೆ. ಬೆನ್ನ ತುಂಬ ರೋಮ ಮುಳ್ಳಿನ ಹಾಗೆ ಎದ್ದಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು.

“ತಂಡಿ ಹೊಡೀತಾದ. ಇನ್ನೆರಡು ಬಾಂಡ್ಲಿ ಕೆಂಡ ತಕಬಾ.”

“ಅಪ್ಪಾ, ಕಡ್ಡಿ ಇಪ್ಪತ್ತೇಳು ಅಂತದ. ಸೆಕೆ ಅಪ್ಪ ಇದು. ನಿಂಗ ಮೈ ಕಾಯ್ತಾದ, ಅದಕ್ಕ ತಂಡಿ ಅನ್ನಿಸ್ತದ.”

“ಏನಂದೆಲಾ?”

ಇನ್ನೊಂದು ಸಲ ಹೇಳಿದೆ. ಅವನು ಬಾಗಿಲಿಗೆ ಬಂದು ಜಗುಲಿಯ ಕಡೆ ತಿರುಗಿ ಕೂಗಿದ.

“ಕೇಳುದ್ರಾ ಸಾ? ಇಪ್ಪತ್ತೈದು ವರ್ಷ ಹುಳ ಸಾಕಿದ್ದು ಈ ಬೆನ್ನು. ನಿಮ್ಮ ಕಡ್ಡಿ ಎಷ್ಟು ತಟ್ಟೆ ಸಾಕದ? ಅದಕ್ಕ ಬೆವರು ಬತ್ತದಾ? ಲೇ, ಕೆಂಡ ತಾ ಅಂದ್ರ ತಾ!”

ಹಿತ್ತಿಲಿಗೆ ಹೋದೆ. ಅವ್ವನ ಒಲೆಯಲ್ಲಿ ನಿಗಿನಿಗಿ ಕೆಂಡವಿತ್ತು, ಪಕ್ಕದಲ್ಲಿ ಪಾತ್ರೆ ಬೆಳಗಲೆಂದು ಅವಳು ಕೂಡಿಟ್ಟಿದ್ದ ಬೂದಿಯ ಗುಡ್ಡೆ. ಎರಡು ಖಾಲಿ ಬಾಂಡ್ಲಿ ಮುಂದಿಟ್ಟುಕೊಂಡು ಕೂತೆ. ಅಪ್ಪನ ಬೆನ್ನು ಎಪ್ಪತ್ತು ಸಲ ಸರಿ ಹೇಳಿದ್ದನ್ನು ಬರೆದವನೇ ನಾನು. ಇವತ್ತು ಅದು ತಪ್ಪು ಹೇಳುತ್ತಿದೆ ಎಂದು ಹೇಳುತ್ತಿರುವವನೂ ನಾನೇ. ತಪ್ಪಾಗಿದ್ದು ಕಡ್ಡಿಯೇ ಆಗಿದ್ದರೆ? ತುದಿ ಮುರಿದ ಕಡ್ಡಿ, ಅದರ ಹೊಟ್ಟೆಯಲ್ಲಿ ಏನಾಗಿದೆಯೋ ಯಾರಿಗೆ ಗೊತ್ತು. ಆದರೆ ಆ ಮುಳ್ಳೆದ್ದ ಬೆನ್ನನ್ನು ನಾನು ಕಣ್ಣಾರೆ ನೋಡಿದ್ದೆ. ಎರಡೂ ಬಾಂಡ್ಲಿಗೆ ಕಂಠದವರೆಗೆ ತಣ್ಣನೆಯ ಬೂದಿ ತುಂಬಿದೆ. ಮೇಲೆ ನಾಲ್ಕು ನಾಲ್ಕು ಕೆಂಡ ಹರಡಿದೆ, ಕೆಂಪು ಕಾಣುವಷ್ಟು. ಹೊತ್ತುಕೊಂಡು ಒಳಗೆ ಹೋಗಿ ಇಟ್ಟೆ. ಅಪ್ಪ ಬಗ್ಗಿ ನೋಡಿ, ಮೂಲೆಯಲ್ಲಿ ಗೋಣಿ ಹೊದ್ದು ಕೂತ. ಅರ್ಧ ಗಂಟೆಯಾದ ಮೇಲೆ ಗೋಣಿ ಸರಿಸಿ, “ಈಗ ನೋಡು ಎಂಗ ಬೆಚ್ಚಗಾಯ್ತು” ಎಂದ. ಅವನ ಜ್ವರ ಏರಿ ಮೈ ಬಿಸಿಯಾಗಿತ್ತು, ಕೋಣೆಯಲ್ಲ. ಅವನು ಹೊರಗೆ ಹೋಗಿ ಮಲಗಿದ ಮೇಲೆ ಮೊದಲಿನ ಬಾಂಡ್ಲಿಯ ಮೇಲೂ ಬೂದಿ ಸುರಿದು, ಹಿಂದಿನ ಕಿಟಕಿಯನ್ನು ಒಂದು ಗೇಣು ತೆಗೆದೆ. ಕಡ್ಡಿ ನೋಡಿದೆ. ಇಪ್ಪತ್ತಾರು. ಬರೆದೆ. ಬಾಂಡ್ಲಿ ಎರಡು ತಂದದ್ದನ್ನೂ ಬರೆದೆ. ಬೂದಿಯದ್ದನ್ನು ಬರೆಯಲಿಲ್ಲ.

ಆಮೇಲಿನ ಮೂರು ದಿನ ನನಗೆ ಅನ್ನ ಸೇರಲಿಲ್ಲ. ಅಪ್ಪ ಜ್ವರದಲ್ಲೇ ಎದ್ದು ಬಂದು ತಂಡಿ ಎನ್ನುವುದು, ನಾನು ಬೂದಿ ಹೊತ್ತು ತರುವುದು. ಮನೆಯ ನಾಲ್ಕೂ ಜನರ ಒಂದು ತಿಂಗಳ ದುಡಿಮೆ ನನ್ನ ಒಂದು ಸುಳ್ಳಿನ ಮೇಲೆ ಕೂತಿತ್ತು. ಪ್ರತಿ ಗಳಿಗೆಗೂ ಬಾಗಿಲಿಗೆ ಕಿವಿ ಕೊಟ್ಟು ಹುಳು ತಿನ್ನುವ ಸದ್ದು ಇದೆಯೇ ಎಂದು ಕೇಳುತ್ತಿದ್ದೆ. ಇತ್ತು. ಮಂಗಳವಾರ ಅಪ್ಪನ ಜ್ವರ ಬಿಟ್ಟಿತು. ಬುಧವಾರ ಬೆಳಗ್ಗೆ ಅವನು ಅಂಗಿ ಬಿಚ್ಚಿ ನಿಂತು ‘ಹದ’ ಎಂದ. ಕಡ್ಡಿ ಇಪ್ಪತ್ತೈದು. ಬೆನ್ನು ಮತ್ತೆ ತನ್ನ ಜಾಗಕ್ಕೆ ಬಂದಿತ್ತು. ಶನಿವಾರದ ಹೊತ್ತಿಗೆ ಹುಳುಗಳು ಕಿರುಬೆರಳ ದಪ್ಪವಾಗಿ, ತಟ್ಟೆ ಕಾಣದ ಹಾಗೆ ತುಂಬಿಕೊಂಡಿದ್ದವು. ನಾಳೆಯೋ ನಾಡಿದ್ದೋ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಹತ್ತುತ್ತವೆ. ಒಂದು ತಟ್ಟೆಯೂ ಹೋಗಿರಲಿಲ್ಲ. ಅಪ್ಪ ವಾರದಿಂದ ಊರಿನವರಿಗೆಲ್ಲ ಹೇಳುತ್ತಿದ್ದ, ನಡುಗುವ ಜ್ವರದಲ್ಲೂ ಎದ್ದು ಕೆಂಡ ಇಡಿಸಿದೆ, ಇಲ್ಲದಿದ್ದರೆ ಹುಳು ಉಳಿಯುತ್ತಿರಲಿಲ್ಲ ಎಂದು. ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದೆ. ಅಪ್ಪ ಗೆದ್ದ, ಹುಳು ಉಳಿಯಿತು, ಯಾರಿಗೇನು ನಷ್ಟ ಎಂದುಕೊಂಡಿದ್ದೆ.

ಮೇಷ್ಟ್ರು ಸಂಜೆ ಬಂದರು. ಚೀಲ ಇಳಿಸುವ ಮುಂಚೆಯೇ ಅಪ್ಪ ಜಗುಲಿಗೆ ಬಂದು ನಿಂತ.

“ಬನ್ನಿ ಸಾ, ಬಂದು ಹುಳ ನೋಡಿ. ಬಾಗಿಲಲ್ಲೇ ನಿಂತು ನೋಡಿ. ನಿಮ್ಮ ಕಡ್ಡಿ ಮಾತು ಕೇಳಿದ್ರ ಇವೆಲ್ಲ ತಂಡಿಗ ಸತ್ತೋಗಿರವು. ಸುಳ್ಳು ಏಳೋ ಕಡ್ಡಿ ತಂದವ್ರು ನನ್ನ ಮಗ್ಳಿಗ ಯಾವ ನಿಜ ಏಳ್ಕೊಟ್ಟೀರಿ? ಇವತ್ತು ಊಟ ಮಾಡ್ಕಂಡು ಓಗಿ. ಮುಂದಿನ ವಾರದಿಂದ ಬರದು ಬ್ಯಾಡ.”

ಮಂಗಳನ ಕೈಯಲ್ಲಿದ್ದ ಪುಸ್ತಕ ಕೆಳಗೆ ಬಿತ್ತು. ಪರೀಕ್ಷೆಗೆ ಇನ್ನೆರಡು ತಿಂಗಳು. ಮೇಷ್ಟ್ರು ಜಗಳ ಆಡುತ್ತಾರೆ ಎಂದುಕೊಂಡೆ, ಓದಿದವರು ತಮ್ಮ ಮಾತನ್ನು ಸುಲಭವಾಗಿ ಬಿಡುವುದಿಲ್ಲವಲ್ಲ. ಅವರು ಜಗಳ ಆಡಲಿಲ್ಲ. ನನ್ನ ನೋಟ್‌ಬುಕ್ಕು ಕೇಳಿ ತೆಗೆದುಕೊಂಡು, ಜಗುಲಿಯ ಅಂಚಿನಲ್ಲಿ ಕೂತು, ಬೆರಳಿಟ್ಟು ಓದಿದರು. ಒಂದೇ ಸಾಲನ್ನು ಮತ್ತೆ ಮತ್ತೆ ಓದಿದರು.

“ಇಪ್ಪತ್ತೇಳು. ಎರಡು ಬಾಂಡ್ಲಿ ಕೆಂಡ. ಆಮೇಲ ಇಪ್ಪತ್ತಾರು.” ತಲೆ ಎತ್ತಿ ಅಪ್ಪನನ್ನು ನೋಡಿದರು. “ಬಸಣ್ಣಾರೆ, ಕೆಂಡ ಇಟ್ಟಮೇಲ ಕಡ್ಡಿ ಏರಬೇಕು. ಇದು ಇಳಿದದ. ನಿಮ್ಮ ಬೆನ್ನು ಎಪ್ಪತ್ತು ಸಲ ತಪ್ಪಿಲ್ಲ, ಅದು ಬರೆದಿರದು ನನ್ನ ಕಣ್ಣ ಮುಂದೇ ಅದ. ಹುಳೂವು ಚೆನ್ನಾಗವ. ಅಂದ್ರ ಕಡ್ಡಿಯೇ ಕೆಟ್ಟಿರಬೇಕು. ಮುರಿದಿದ್ದು ತಂದು ಕೊಟ್ಟೆ, ನಂದೇ ತಪ್ಪು.”

ಹೀಗೆಂದು ಎದ್ದು, ಕಡ್ಡಿ ಕೊಡಪ್ಪ, ತಗೊಂಡು ಹೋಗಿ ಪರೀಕ್ಷೆ ಮಾಡುತ್ತೇನೆ ಎಂದು ನನ್ನ ಕಡೆ ಕೈ ಚಾಚಿದರು. ಆ ಮುಖದಲ್ಲಿ ಅವಮಾನಕ್ಕಿಂತ ಹೆಚ್ಚಾಗಿ ಒಂದು ಗೊಂದಲವಿತ್ತು, ಬಗೆಹರಿಯದ ಲೆಕ್ಕದ ಮುಂದೆ ಮಂಗಳನ ಮುಖದಲ್ಲಿರುತ್ತಿತ್ತಲ್ಲ, ಅದೇ. ನಾನು ಬರೆದದ್ದನ್ನು ಅವರು ಎಷ್ಟು ನಂಬಿದ್ದರೆಂದರೆ, ತಾವು ಕಲಿತದ್ದನ್ನೇ ಅನುಮಾನಿಸಲು ತಯಾರಾಗಿದ್ದರು. ಅಲ್ಲಿಯವರೆಗೆ ನನ್ನನ್ನು ಹಾಗೆ ಯಾರೂ ನಂಬಿರಲಿಲ್ಲ. ಶಾಲೆ ಬಿಟ್ಟವನ ಕೋಳಿ ಕೆರೆದ ಅಂಕಿ, ಅದಕ್ಕೆ ಇಷ್ಟು ಬೆಲೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಕಡ್ಡಿ ಕೊಡಲಿಲ್ಲ.

“ಕಡ್ಡಿ ಕೆಟ್ಟಿಲ್ಲ ಸಾ. ಅದು ಕೆಂಡ ಅಲ್ಲ, ಬೂದಿ. ಮೇಲ್ಗಡೆ ಮಾತ್ರ ಕೆಂಡ ಇಟ್ಟಿದ್ದಿ. ಮೂರು ದಿವ್ಸವೂ ಅಂಗೇ ಮಾಡ್ದಿ. ಅಪ್ಪನಿಗ ಜ್ವರ ಇತ್ತು.”

ಅಪ್ಪನ ಕೈ ಮೇಲೆದ್ದದ್ದು ಕಂಡಿತು. ಆಗ ಹಿತ್ತಿಲ ಬಾಗಿಲಿನಿಂದ ಅವ್ವನ ದನಿ.

“ಅವನಿಗ ಹೊಡೆಯದಾದ್ರ ನಂಗೂ ಹೊಡೀರಿ. ನನ್ನ ಪಾತ್ರೆ ಬೆಳಗೋ ಬೂದಿ ಎಲ್ಲಿಗೋಯ್ತು ಅಂತ ನಂಗ ಅವತ್ತೇ ಗೊತ್ತಾಯ್ತು. ವಾರದಿಂದ ಮಣ್ಣಲ್ಲಿ ಬೆಳಗ್ತಾ ಇದ್ದೀನಿ.”

ಅಪ್ಪ ಕೈ ಇಳಿಸಿದ. ಯಾರನ್ನೂ ನೋಡದೆ ತೋಟದ ಕಡೆ ಹೊರಟುಹೋದ. ಅವ್ವ ಮುದ್ದೆ ಕಟ್ಟಿ ಇಟ್ಟಳು, ಅದು ಆರಿತು. ಮೇಷ್ಟ್ರು ಹೋಗುವುದೋ ಇರುವುದೋ ತಿಳಿಯದೆ ಚೀಲದ ಪಟ್ಟಿ ಹಿಡಿದುಕೊಂಡೇ ಕೂತಿದ್ದರು. ಕಡೆಗೆ ಪೆನ್ಸಿಲು ತೆಗೆದು ನನ್ನ ಕೈಗಿಟ್ಟು, ಬಿಟ್ಟುಹೋದ ಮಾತನ್ನು ಸೇರಿಸು ಎಂದರು. ಆ ಸಾಲಿನ ಪಕ್ಕದಲ್ಲಿ ‘ಬೂದಿ’ ಎಂದು ಬರೆದೆ. ಅದರ ಕೆಳಗೆ ಇನ್ನೂ ಆರು ಕಡೆ ಬರೆದೆ. ಬರೆದು ಮುಗಿಸುವಾಗ ಅಪ್ಪ ಬಂದ. ಕಾಲು ತೊಳೆದ. ಸುಣ್ಣ ತುಳಿದ. ಅಂಗಿ ಬಿಚ್ಚಿ ಮೊಳೆಗೆ ಹಾಕಿ ಒಳಗೆ ಹೋದ. ಹತ್ತು ಉಸಿರಲ್ಲ, ಈ ಸಲ ಬಹಳ ಹೊತ್ತು ನಿಂತ. ಹೊರಗೆ ಬಂದು ಬಾಗಿಲಲ್ಲಿ ನಿಂತು ನನ್ನನ್ನು ಕರೆದ.

“ಲೇ, ಆ ಕಡ್ಡಿ ಎಷ್ಟು ಅಂತದ ನೋಡು. ತಡಿ ತಡಿ, ಏಳಬ್ಯಾಡ. ನಾನು ಮೊದ್ಲು ಏಳ್ತೀನಿ.” ಸ್ವಲ್ಪ ಹೊತ್ತು ಯೋಚಿಸಿದ. “ಇಪ್ಪತ್ತೈದು.”

ಅವನ ಬಾಯಿಂದ ಆ ಕೋಣೆಗೆ ಅಂಕಿ ಬಂದದ್ದು ಅದೇ ಮೊದಲು. ನಾನು ದಿನಾ ಗುನುಗುತ್ತ ಬರೆಯುವುದನ್ನು ಕೇಳಿ ಕೇಳಿ ಹಿಡಿದಿದ್ದ. ಹೋಗಿ ನೋಡಿದೆ. ಇಪ್ಪತ್ತನಾಲ್ಕು. ಒಂದು ಹೆಚ್ಚಿಸಿ ಹೇಳಿದರೆ ಮನೆ ತಣ್ಣಗಾಗುತ್ತದೆ ಎಂಬ ಯೋಚನೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಪೆನ್ಸಿಲು ಇನ್ನೂ ಕೈಯಲ್ಲೇ ಇತ್ತು.

“ಇಪ್ಪತ್ನಾಕು ಅಪ್ಪ.”

“ಒಂದು ಎಚ್ಚಾಯ್ತು ಅನ್ನು. ಬರ್ಕೋ.” ಆಮೇಲೆ ಅಂಗಿ ಹಾಕಿಕೊಳ್ಳುತ್ತ ಮೇಷ್ಟ್ರ ಕಡೆ ತಿರುಗಿದ. “ಸಾ, ಚೀಲ ಮಡಗಿ. ಮುದ್ದೆ ಆರೋಯ್ತು, ಬ್ಯಾರೆ ಕಟ್ಟುಸ್ತೀನಿ. ಮಗ್ಳು ಪಾಸಾಗೋಗಂಟ ಬನ್ನಿ. ಕಡ್ಡಿ ಇಲ್ಲೇ ಇರಲಿ.”

ನನ್ನ ಜೊತೆ ಮಾತ್ರ ಅಪ್ಪ ಹತ್ತು ದಿನ ಮಾತಾಡಲಿಲ್ಲ. ಗೂಡು ಮಾರುಕಟ್ಟೆಗೆ ಹೋದ ದಿನ ಸಾಸಿವೆ ಸಿಡಿದಾಗ, ಎಲೆಗೆ ಇನ್ನೊಂದು ಮುದ್ದೆ ಹಾಕು ಅವನಿಗೆ ಎಂದು ಅವ್ವನಿಗೆ ಹೇಳಿದ. ಅಷ್ಟೇ ನಮ್ಮ ರಾಜಿ. ಆದರೆ ಸಾಯುವವರೆಗೂ, ನಾನು ಬಾಂಡ್ಲಿ ತಂದಿಟ್ಟಾಗಲೆಲ್ಲ ಒಂದು ಕೋಲು ತೆಗೆದುಕೊಂಡು ತಳದವರೆಗೆ ಕೆದಕಿ ನೋಡುತ್ತಿದ್ದ. ದಿನಕ್ಕೆ ಮೂರು ಸಲ ಅವನು ಅಂಕಿ ಹೇಳುವುದು, ನಾನು ಓದುವುದು ನಡೆಯಿತು. ಎರಡು ಬೆಳೆ ಮುಗಿಯುವಷ್ಟರಲ್ಲಿ ಅವನು ಒಂದಂಕಿಯೂ ತಪ್ಪುತ್ತಿರಲಿಲ್ಲ. ಮೈ ಬಿಸಿಯಿದ್ದ ದಿನ ಮಾತ್ರ ತಾನೇ ಬಾಗಿಲಲ್ಲಿ ನಿಂತು, “ಇವತ್ತು ನೀನು ನೋಡು, ನನ್ನ ಬೆನ್ನು ರಜ” ಎನ್ನುತ್ತಿದ್ದ. ಮಂಗಳ ಗಣಿತದಲ್ಲಿ ನಲವತ್ತೊಂದು ತೆಗೆದು ಪಾಸಾದಳು, ಈಗ ಹನೂರಿನಲ್ಲಿ ಅಂಗನವಾಡಿ ನಡೆಸುತ್ತಾಳೆ. ಮೇಷ್ಟ್ರು ಎಂ.ಎಸ್ಸಿ. ಮುಗಿಸಿದರು, ಎಲ್ಲೋ ಪಾಠ ಹೇಳುತ್ತಾರೆ. ವರ್ಷಕ್ಕೊಮ್ಮೆ ಫೋನು ಮಾಡಿ ಇನ್ನೂ ಪ್ರಶ್ನೆಯನ್ನೇ ಕೇಳುತ್ತಾರೆ. ಹುಳುವಿಗೆ ಮೂಗು ಎಲ್ಲಿದೆಯೆಂದು ಒಂದು ಸಲ ಅವರೇ ಓದಿ ಹೇಳಿದರು. ನನಗೆ ಆಗಲೇ ಗೊತ್ತಿತ್ತು, ನಾನೂ ಕಾದು ನೋಡಿ ಕಂಡುಕೊಂಡಿದ್ದೆ. ಹೇಳಲಿಲ್ಲ, ಅವರ ಖುಷಿ ಯಾಕೆ ಕೆಡಿಸಲಿ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಎರಡೂವರೆ ಎಕರೆ ಹಿಪ್ಪುನೇರಳೆ. ಮನೆಯಿಂದ ದೂರ ಕಟ್ಟಿದ ಒಂದು ಹುಳುಮನೆ, ಹಾಗಾಗಿ ಮನೆಯೊಳಗೆ ತಿಂಗಳು ಪೂರ್ತಿ ಒಗ್ಗರಣೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಎಂಬತ್ತರ ಹತ್ತಿರದ ಅವ್ವ. ಗೋಡೆಗೆ ನಾಲ್ಕು ಹೊಸ ಥರ್ಮಾಮೀಟರು, ಡಬ್ಬಿಯಲ್ಲಿ ತುದಿ ಮುರಿದ ಒಂದು. ಮೂವತ್ತೊಂದು ನೋಟ್‌ಬುಕ್ಕು, ಅದರಲ್ಲಿ ಒಂದರ ಒಂದು ಪುಟದಲ್ಲಿ ಏಳು ಸಲ ‘ಬೂದಿ’. ಹುಳುಮನೆಯ ಬಾಗಿಲ ಪಕ್ಕ, ಹಳೆಯ ಗೋಡೆಯಿಂದ ಕಿತ್ತು ತಂದು ಹೊಡೆದ ಒಂದು ಮೊಳೆ, ಅದರ ಮೇಲೆ ನನ್ನ ಅಂಗಿ.